ನೀರು ಕೇಳದ ಕಾಗದದ ಹೂವು

ದೇವರಿಗೆ ಏರಿಸಲ್ಲ, ತಲೆಗೆ ಮುಡಿಯಲ್ಲ, ವಾಸನೇನೂ ಇಲ್ಲ. ಆದ್ರೂ ಹಲಸೂರಿಂದ ಕೆ.ಆರ್. ಪುರದವರೆಗೆ ಯಾವ ಬೀದಿಗೇ ಹೋಗಿ, ಒಂದಾದ್ರೂ ಕಾಂಪೌಂಡ್ ಮೇಲೆ ಬೋಗನ್‌ವಿಲ್ಲಾ ಬಾಗಿರ್ತದೆ. ಕಾಗದದ ಹೂ ಅಂತೀವಲ್ಲ, ಅದೇ. ಬಣ್ಣದ್ದು ಹೂವಲ್ಲ ಕಣ್ರೀ, ಎಲೆ. ನಿಜವಾದ ಹೂವು ಅಂದ್ರೆ ಮಧ್ಯದಲ್ಲಿರೋ ಆ ಪುಟ್ಟ ಬಿಳೀದು.

ಇದರ ತವರು ದಕ್ಷಿಣ ಅಮೆರಿಕ. 1767ರಲ್ಲಿ ಬೋಗನ್‌ವಿಲ್ ಅನ್ನೋ ಕ್ಯಾಪ್ಟನ್ನನ ಫ್ರೆಂಚ್ ಹಡಗುಗಳು ಬ್ರೆಜಿಲ್‌ನ ರಿಯೋ ಡಿ ಜನೈರೋದಲ್ಲಿ ನಿಂತಾಗ, ಅದರಲ್ಲಿದ್ದ ಸಸ್ಯ ಪಂಡಿತ ಕಾಮರ್ಸನ್ ಈ ಗಿಡ ಸಂಗ್ರಹಿಸಿ ಕ್ಯಾಪ್ಟನ್ ಹೆಸರನ್ನೇ ಇಟ್ಟ. ಅವನ ಜೊತೆ ಗಿಡ ಹೊರ್ತಿದ್ದ ಆಳು ಹುಡುಗ ಮಾತ್ರ ಹುಡುಗನೇ ಅಲ್ಲ! ಝಾನ್ ಬಾರೆ ಅನ್ನೋ ಹೆಂಗಸು. ಆ ಹಡಗುಗಳಿಗೆ ಹೆಂಗಸರನ್ನ ಹತ್ತಿಸ್ತಿರ್ಲಿಲ್ಲ, ಅದಕ್ಕೇ ಗಂಡುವೇಷ. ಪಂಡಿತನಿಗೆ ಕಾಲು ಹುಣ್ಣಾಗಿ ಓಡಾಡೋಕೆ ಕಷ್ಟವಾಗಿತ್ತು, ಹಾಗಾಗಿ ಕಾಡಿಗೆ ಹೋಗಿ ಕಿತ್ತು ತಂದವಳು ಇವಳೇ ಇರಬೇಕು ಅಂತ ಕೆಲವು ಇತಿಹಾಸಕಾರರು ಬರೀತಾರೆ. ನನಗೂ ಹಾಗೇ ಅನ್ಸುತ್ತೆ. ಭೂಮಿ ಸುತ್ತಿ ಬಂದ ಮೊದಲ ಹೆಂಗಸು ಅಂತ ಈಗ ಅವಳಿಗೆ ಹೆಸರು. ಆದ್ರೆ ಅವಳ ಹೆಸರು ಒಂದು ಗಿಡಕ್ಕೆ ಸಿಕ್ಕಿದ್ದು 2012ರಲ್ಲಿ. ಅದೂ ನಮ್ಮ ಬದನೆ ಜಾತಿಯದೊಂದಕ್ಕೆ.

ನಮ್ಮ ಕಡೆ ದಂಡು ಪ್ರದೇಶ ಶುರುವಾಗಿದ್ದು 1809ರಲ್ಲಿ. ಆಮೇಲಿನ ದಶಕಗಳಲ್ಲಿ ಈ ಗಿಡ ಭಾರತಕ್ಕೆ ಬಂತು, ಬಂಗಲೆಗಳ ಗೇಟು ಹತ್ತಿತು. ಆ ಕಾಲದಲ್ಲಿ ನಲ್ಲಿ ಎಲ್ಲಿತ್ತು? ಕೆರೆ, ಬಾವಿ ನೀರೇ ಗತಿ. ಹೆಸರಘಟ್ಟದ ನೀರು ಬಂದಿದ್ದು 1896ರಲ್ಲಿ, ಕಾವೇರಿ 1974ರಲ್ಲಿ. ಬಾವಿಯಿಂದ ಸೇದಿ ಹಾಕೋ ತೋಟಕ್ಕೆ ಇಂಥ ಗಿಡವೇ ಸರಿ.

2024ರ ಮಾರ್ಚ್ ನೆನಪಿದೆಯಲ್ಲ? ಕುಡಿಯೋ ನೀರನ್ನ ಗಿಡಕ್ಕೆ ಹಾಕಿದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ನಮ್ಮ ಬೀದಿಲಿ ಟ್ಯಾಂಕರ್ ಬಂದ್ರೆ ಹಬ್ಬ. ಗುಲಾಬಿ ಒಣಗಿತು, ಸೇವಂತಿಗೆ ಸತ್ತಿತು. ಇದು ಮಾತ್ರ ಗೋಡೆ ಕಾಣದಷ್ಟು ಅರಳಿತ್ತು!

ಸೋಜಿಗ ಏನಿಲ್ಲ. ನೀರು ಹೆಚ್ಚಾದ್ರೆ ಎಲೆ ಬಿಡ್ತದೆ, ಮಣ್ಣು ಒಣಗಿದ್ರೆ ಹೂ ಬಿಡ್ತದೆ. ಕುಂಡ ಚಿಕ್ಕದಿರಲಿ, ದಿನವಿಡೀ ಬಿಸಿಲಿರಲಿ. ಮಣ್ಣಿಗೆ ಬೆರಳಿಟ್ಟು ನೋಡಿ, ಪೂರ್ತಿ ಒಣಗಿದ್ರೆ ಮಾತ್ರ ಅಕ್ಕಿ ತೊಳೆದ ನೀರು ಸಾಕು. ಹೂ ಮುಗಿದ ಮೇಲೆ ಕತ್ತರಿಸಿ, ಹೊಸ ಚಿಗುರಲ್ಲೇ ಮುಂದಿನ ಹೂವು. ಕತ್ತರಿಸಿದ ಪೆನ್ಸಿಲ್ ದಪ್ಪದ ಕಡ್ಡಿ ಮಳೆಗಾಲದಲ್ಲಿ ನೆಟ್ರೆ ಬೇರು ಬಿಡ್ತದೆ. ಮುಳ್ಳು ಜೋಕೆ. ಮಕ್ಕಳು ಆಡೋ ಜಾಗದಲ್ಲಂತೂ ಬೇಡ.