ಮಾನವ ಕಳ್ಳಸಾಗಣೆ ತಡೆಗೆ ಪೊಲೀಸರ ಡಿಜಿಟಲ್ ತರಬೇತಿ

ಮಾನವ ಕಳ್ಳಸಾಗಣೆ ತಡೆಗೆ ಪೊಲೀಸರ ಡಿಜಿಟಲ್ ತರಬೇತಿ ಎಂಬುದು, ವಂಚನೆ, ಬಲಪ್ರಯೋಗ ಅಥವಾ ಆಮಿಷದಿಂದ ಜನರನ್ನು ಸಾಗಿಸಿ ಶೋಷಿಸುವ ಅಪರಾಧವನ್ನು ಪತ್ತೆಹಚ್ಚಲು ಹಾಗೂ ನ್ಯಾಯಾಲಯದಲ್ಲಿ ಸಾಬೀತುಪಡಿಸಲು ಗಣಕಯಂತ್ರ, ಮೊಬೈಲ್ ಫೋನ್ ಮತ್ತು ಅಂತರಜಾಲ ಆಧಾರಿತ ಸಾಧನಗಳನ್ನು ಬಳಸುವ ಕ್ರಮವನ್ನು ಪೊಲೀಸ್ ಸಿಬ್ಬಂದಿಗೆ ಕಲಿಸುವ ಶಿಕ್ಷಣವಾಗಿದೆ. ಈ ಲೇಖನವು ಭಾರತದ ವ್ಯವಸ್ಥೆಯನ್ನು ಕುರಿತದ್ದಾಗಿದೆ.

ಹಿನ್ನೆಲೆ

ಹಿಂದೆ ದಲ್ಲಾಳಿಗಳು ಹಳ್ಳಿಗಳಿಗೆ ಬಂದು ಕೆಲಸ ಅಥವಾ ಮದುವೆಯ ಆಸೆ ತೋರಿಸುತ್ತಿದ್ದರು. ಆ ಪದ್ಧತಿ ಇಂದಿಗೂ ಇದೆ. ಅದರ ಜೊತೆಗೆ ಸಾಮಾಜಿಕ ಜಾಲತಾಣಗಳ ಸ್ನೇಹ ಮತ್ತು ಸುಳ್ಳು ಉದ್ಯೋಗ ಜಾಹೀರಾತುಗಳ ಮೂಲಕವೂ ಜನರನ್ನು ಸೆಳೆಯಲಾಗುತ್ತಿದೆ. ಇತ್ತೀಚಿನ ವರ್ಷಗಳಲ್ಲಿ ಕಾಂಬೋಡಿಯ, ಮ್ಯಾನ್ಮಾರ್ ಮುಂತಾದ ದೇಶಗಳಲ್ಲಿ ಕೆಲಸ ಕೊಡಿಸುವುದಾಗಿ ನಂಬಿಸಿ ಭಾರತೀಯ ಯುವಜನರನ್ನು ಕರೆದೊಯ್ದು, ಸೈಬರ್ ವಂಚನೆಯ ಕೇಂದ್ರಗಳಲ್ಲಿ ಬಲವಂತವಾಗಿ ದುಡಿಸಿದ ಪ್ರಕರಣಗಳು ಬೆಳಕಿಗೆ ಬಂದಿವೆ. ಆದರೆ ಅಪರಾಧಿಗಳು ಬಳಸುವ ಫೋನ್, ಬ್ಯಾಂಕ್ ಖಾತೆ ಮತ್ತು ಪ್ರಯಾಣದ ಟಿಕೆಟ್‌ಗಳು ತಮ್ಮ ಕುರುಹನ್ನೂ ಉಳಿಸುತ್ತವೆ. ಈ ಕುರುಹುಗಳನ್ನು ಓದುವ ಸಾಮರ್ಥ್ಯವೇ ತರಬೇತಿಯ ತಿರುಳು.

ಕಾನೂನಿನ ಚೌಕಟ್ಟು

ಸಂವಿಧಾನದ 23ನೆಯ ವಿಧಿಯು ಮಾನವ ಕಳ್ಳಸಾಗಣೆ ಮತ್ತು ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೆಯ ಕಲಮಿನಲ್ಲಿ ಈ ಅಪರಾಧದ ವ್ಯಾಖ್ಯೆ ಮತ್ತು ಶಿಕ್ಷೆ ಇವೆ. ಕಾಣೆಯಾದ ಮಕ್ಕಳ ದೂರು ಬಂದಾಗ ಪ್ರಥಮ ವರ್ತಮಾನ ವರದಿ ದಾಖಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಬಚಪನ್ ಬಚಾವೋ ಆಂದೋಲನದ ಪ್ರಕರಣದಲ್ಲಿ ಆದೇಶಿಸಿತು. ರಾಷ್ಟ್ರೀಯ ತನಿಖಾ ದಳಕ್ಕೆ ಕಳ್ಳಸಾಗಣೆ ಪ್ರಕರಣಗಳ ತನಿಖೆಯ ಅಧಿಕಾರ ದೊರೆತದ್ದು 2019ರ ತಿದ್ದುಪಡಿಯಿಂದ.

ಪ್ರಮುಖ ಸಾಧನಗಳು

2009ರಲ್ಲಿ ಅನುಮೋದನೆ ಪಡೆದ ಸಿಸಿಟಿಎನ್‌ಎಸ್ ಜಾಲವು ದೇಶದ ಪೊಲೀಸ್ ಠಾಣೆಗಳ ದಾಖಲೆಗಳನ್ನು ಬೆಸೆಯುತ್ತದೆ. ಟ್ರ್ಯಾಕ್‌ಚೈಲ್ಡ್ ಜಾಲತಾಣವು ಕಾಣೆಯಾದ ಮತ್ತು ಪತ್ತೆಯಾದ ಮಕ್ಕಳ ವಿವರಗಳನ್ನು ಹೋಲಿಸಲು ನೆರವಾಗುತ್ತದೆ. 2015ರಲ್ಲಿ ಆರಂಭವಾದ ಖೋಯಾ-ಪಾಯಾ ತಾಣದಲ್ಲಿ ಸಾರ್ವಜನಿಕರೂ ಮಾಹಿತಿ ನೀಡಬಹುದಾಗಿತ್ತು. ರಾಜ್ಯಗಳ ಪೊಲೀಸರ ನಡುವೆ ಮಾಹಿತಿ ವಿನಿಮಯಕ್ಕಾಗಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2020ರಲ್ಲಿ ಕ್ರೈ-ಮ್ಯಾಕ್ ವ್ಯವಸ್ಥೆಯನ್ನು ಆರಂಭಿಸಿತು. ಒಂದು ರಾಜ್ಯದಲ್ಲಿ ಕಾಣೆಯಾದವರು ಮತ್ತೊಂದು ರಾಜ್ಯದಲ್ಲಿ ಸಿಗುವುದು ಸಾಮಾನ್ಯವಾದುದರಿಂದ ಇಂತಹ ವಿನಿಮಯಕ್ಕೆ ವಿಶೇಷ ಮಹತ್ವವಿದೆ.

ತರಬೇತಿಯ ವಿಷಯಗಳು

ಕರೆ ವಿವರ ದಾಖಲೆಯನ್ನು ಓದುವುದು ಮೊದಲ ಪಾಠಗಳಲ್ಲೊಂದು. ಯಾವ ಸಂಖ್ಯೆಯಿಂದ ಯಾವ ಸಂಖ್ಯೆಗೆ, ಯಾವಾಗ, ಯಾವ ಗೋಪುರದ ವ್ಯಾಪ್ತಿಯಿಂದ ಕರೆ ಹೋಯಿತೆಂಬುದನ್ನು ಅದು ತಿಳಿಸುತ್ತದೆ. ಮಾತುಕತೆಯ ವಿಷಯವನ್ನು ತಿಳಿಸುವುದಿಲ್ಲ. ಹಣ ಸಾಗಿದ ದಾರಿಯನ್ನು ಬ್ಯಾಂಕ್ ಮತ್ತು ಯುಪಿಐ ದಾಖಲೆಗಳಿಂದ ಗುರುತಿಸುವುದು, ಸಿಸಿಟಿವಿ ದೃಶ್ಯಗಳು ಅಳಿಸಿಹೋಗುವ ಮುನ್ನ ಸಂಗ್ರಹಿಸುವುದು, ಜಾಲತಾಣ ಸಂಸ್ಥೆಗಳಿಗೆ ದತ್ತಾಂಶ ಕಾಯ್ದಿಡುವಂತೆ ಕೋರಿಕೆ ಕಳುಹಿಸುವುದು ಮುಂದಿನ ಹಂತಗಳು.

ವಶಪಡಿಸಿಕೊಂಡ ಫೋನನ್ನು ಸಂಪರ್ಕಜಾಲದಿಂದ ಬೇರ್ಪಡಿಸದಿದ್ದರೆ ಅದರ ಮಾಹಿತಿಯನ್ನು ದೂರದಿಂದಲೇ ಅಳಿಸಲು ಸಾಧ್ಯ. ಆದ್ದರಿಂದ ಅದನ್ನು ಸಂಕೇತ ತಡೆಯುವ ಚೀಲದಲ್ಲಿ ಇರಿಸುವುದನ್ನು ಕಲಿಸಲಾಗುತ್ತದೆ. ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಪ್ರಮಾಣಪತ್ರ ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಕಡತದಲ್ಲಿ ಒಂದಕ್ಷರ ಬದಲಾದರೂ ಈ ಮೌಲ್ಯ ಬದಲಾಗುವುದರಿಂದ, ಸಾಕ್ಷ್ಯವನ್ನು ತಿದ್ದಿಲ್ಲವೆಂದು ತೋರಿಸಲು ಅದು ಆಧಾರವಾಗುತ್ತದೆ. ಶೋಧ ಮತ್ತು ಜಪ್ತಿಯನ್ನು ದೃಶ್ಯ-ಶ್ರವ್ಯ ಮಾಧ್ಯಮದಲ್ಲಿ ದಾಖಲಿಸುವುದನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೆಯ ಕಲಮು ಕಡ್ಡಾಯಗೊಳಿಸಿದೆ.

ತರಬೇತಿ ಸಂಸ್ಥೆಗಳು

ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೊ ಹಾಗೂ ರಾಜ್ಯಗಳ ಪೊಲೀಸ್ ಅಕಾಡೆಮಿಗಳು ತರಬೇತಿ ನೀಡುತ್ತವೆ. ಸೈಟ್ರೇನ್ ಎಂಬ ಅಂತರಜಾಲ ವೇದಿಕೆಯಲ್ಲಿ ಪೊಲೀಸರು, ಅಭಿಯೋಜಕರು ಮತ್ತು ನ್ಯಾಯಾಂಗದ ಅಧಿಕಾರಿಗಳಿಗಾಗಿ ಸೈಬರ್ ಅಪರಾಧ ತನಿಖೆಯ ಪಾಠಗಳಿವೆ. ಬೆಂಗಳೂರಿನಲ್ಲಿ ಕರ್ನಾಟಕದ ಸಿಐಡಿಯು ಇನ್ಫೋಸಿಸ್ ಪ್ರತಿಷ್ಠಾನ ಮತ್ತು ಭಾರತೀಯ ದತ್ತಾಂಶ ಭದ್ರತಾ ಮಂಡಳಿಯ ಸಹಯೋಗದಲ್ಲಿ ಸೈಬರ್ ಅಪರಾಧ ತನಿಖಾ ತರಬೇತಿ ಮತ್ತು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದೆ.

ಮಿತಿಗಳು ಮತ್ತು ಎಚ್ಚರಿಕೆಗಳು

2018ರಲ್ಲಿ ದೆಹಲಿ ಪೊಲೀಸರು ಮುಖಚಹರೆ ಗುರುತಿಸುವ ತಂತ್ರಾಂಶವನ್ನು ಪ್ರಯೋಗಿಸಿದಾಗ, ನಾಲ್ಕು ದಿನಗಳಲ್ಲಿ ಸುಮಾರು 3,000 ಮಕ್ಕಳ ಗುರುತು ಹತ್ತಿತೆಂದು ವರದಿಯಾಯಿತು. ಆದರೆ 2019ರಲ್ಲಿ ಕೇಂದ್ರ ಸರ್ಕಾರವು, ಆ ತಂತ್ರಾಂಶದ ನಿಖರತೆ ಶೇಕಡ 1ಕ್ಕಿಂತ ಕಡಿಮೆಯೆಂದೂ ಅದು ಗಂಡು-ಹೆಣ್ಣು ಮಕ್ಕಳ ಭೇದವನ್ನೂ ಗುರುತಿಸುತ್ತಿಲ್ಲವೆಂದೂ ದೆಹಲಿ ಹೈಕೋರ್ಟಿಗೆ ತಿಳಿಸಿತು. ಯಂತ್ರ ಸೂಚಿಸಿದ ಹೋಲಿಕೆಯನ್ನು ಸುಳಿವೆಂದಷ್ಟೇ ಪರಿಗಣಿಸಿ, ವಿಚಾರಣೆಯಿಂದ ಖಚಿತಪಡಿಸಿಕೊಳ್ಳಬೇಕೆಂಬುದಕ್ಕೆ ಇದು ನಿದರ್ಶನ. ತಪ್ಪು ಹೋಲಿಕೆಯಾದರೆ ಮಗುವು ಅಪರಿಚಿತರ ಕೈಸೇರುವ ಅಪಾಯವಿದೆ.

ಸಂತ್ರಸ್ತರ ಗೌಪ್ಯತೆಯೂ ಅಷ್ಟೇ ಮುಖ್ಯ. ರಕ್ಷಿತ ಮಕ್ಕಳ ಗುರುತನ್ನು ಬಹಿರಂಗಪಡಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೆಯ ಕಲಮು ನಿಷೇಧಿಸುತ್ತದೆ. ದಾಳಿಯ ಚಿತ್ರವೊಂದು ಮೊಬೈಲ್‌ಗಳಲ್ಲಿ ಹರಿದಾಡಿದರೆ ರಕ್ಷಿತರು ಊರಿಗೆ ಮರಳುವುದೇ ಕಠಿಣವಾಗಬಹುದು. ಸಂತ್ರಸ್ತರನ್ನು ಅಪರಾಧಿಗಳಂತೆ ಕಾಣದಿರುವುದು, ಪದೇ ಪದೇ ಪ್ರಶ್ನಿಸಿ ನೋಯಿಸದಿರುವುದು ಈ ಕಾರಣದಿಂದ ತರಬೇತಿಯ ಅಂಗವಾಗಿವೆ. ಸಂಕಷ್ಟದಲ್ಲಿರುವ ಮಕ್ಕಳ ಬಗ್ಗೆ ಸಾರ್ವಜನಿಕರು 1098 ಸಂಖ್ಯೆಗೆ, ತುರ್ತು ನೆರವಿಗಾಗಿ 112 ಸಂಖ್ಯೆಗೆ ಕರೆ ಮಾಡಬಹುದು.