ಬೊಕ್ಕಸದ ಎಲ್ಲೆ, ಶಾಸನದ ಎಲ್ಲೆ

ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನು ಕ್ರಿ. ಶ. 1076ರಿಂದ ಸುಮಾರು ಐವತ್ತು ವರ್ಷ ಆಳಿದನು. ಆತನ ಶಾಸನಗಳನ್ನು ಒಟ್ಟಾಗಿ ನೋಡಬಯಸುವ ಅಭ್ಯಾಸಿಗೆ ಒಂದು ಗ್ರಂಥಮಾಲೆ ಸಾಲದು. ಬಳ್ಳಿಗಾವೆಯವು ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿವೆ. ಬಳ್ಳಾರಿ ಸೀಮೆಯವನ್ನು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಒಂಬತ್ತನೆಯ ಸಂಪುಟದಲ್ಲಿ, ಮುಂಬಯಿ ಕರ್ನಾಟಕದವನ್ನು ಹನ್ನೊಂದನೆಯದರಲ್ಲಿ ಅರಸಬೇಕು. ಹೈದರಾಬಾದಿನ ಕನ್ನಡ ಜಿಲ್ಲೆಗಳವು ಬೇರೊಂದು ಮಾಲೆಗೆ ಸೇರಿವೆ. ಅರಸನೊಬ್ಬನೆ, ಆತನ ಕಲ್ಲುಗಳನ್ನು ಹಂಚಿಕೊಂಡ ಸರಕಾರಗಳು ಹಲವು.

ಮೈಸೂರು ಸಂಸ್ಥಾನದ ಭಾಗ್ಯ ದೊಡ್ಡದು. ವಿದ್ಯಾ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ಬಿ. ಎಲ್. ರೈಸ್ ಅವರಿಗೆ ಸಂಸ್ಥಾನವು ಪುರಾತತ್ತ್ವ ಸಂಶೋಧನೆಯ ಹೊಣೆಯನ್ನೊಪ್ಪಿಸಿತು. 1886ರಲ್ಲಿ ಕೊಡಗಿನ ಸಂಪುಟದಿಂದ ತೊಡಗಿ ಸುಮಾರು ಎರಡು ದಶಕಗಳಲ್ಲಿ ಹನ್ನೆರಡು ಸಂಪುಟಗಳು, ಸುಮಾರು 9,000 ಶಾಸನಗಳು ಬೆಳಕು ಕಂಡುವು. ಅವುಗಳನ್ನು ಅಣಿಗೊಳಿಸಿದ್ದು ಅರಸುಮನೆತನಗಳ ಕ್ರಮದಲ್ಲಲ್ಲ. ಜಿಲ್ಲೆ, ತಾಲ್ಲೂಕುಗಳ ಕ್ರಮದಲ್ಲಿ. ಕಂದಾಯದ ನಕ್ಷೆಯೇ ಇತಿಹಾಸದ ನಕ್ಷೆಯೂ ಆಯಿತು. ಇಂದಿಗೂ ವಿದ್ವಾಂಸರು ಶಾಸನವೊಂದನ್ನು ‘ಶಿಕಾರಿಪುರ’ ಎಂದು ತಾಲ್ಲೂಕಿನ ಹೆಸರು ಹಿಡಿದು ಸಂಖ್ಯೆಯೊಡನೆ ಉದ್ಧರಿಸುವುದು ಆ ಕ್ರಮದ ಫಲ. ಇಲಾಖೆ ಸ್ಥಿರವಾಗಿದ್ದುದರ ಲಾಭವೂ ಅಲ್ಪವಲ್ಲ. ವರ್ಷವರ್ಷವೂ ವರದಿಯನ್ನು ಒಪ್ಪಿಸಬೇಕಾಗಿದ್ದುದರಿಂದ ಹೊಸ ಶೋಧಗಳು ಕಡತದಲ್ಲಿ ಕೊಳೆಯಲಿಲ್ಲ, ಎಂ. ಎಚ್. ಕೃಷ್ಣ ಅವರು ಹಲ್ಮಿಡಿಯ ಶಾಸನವನ್ನು ಪ್ರಕಟಿಸಿದ್ದು 1936ರ ವರದಿಯಲ್ಲಿ.

ಆದರೆ ಚಾಳುಕ್ಯರ ರಾಜಧಾನಿಯಾದ ಕಲ್ಯಾಣವು ಮೈಸೂರಿನಲ್ಲಿರಲಿಲ್ಲ, ನಿಜಾಮರ ರಾಜ್ಯದಲ್ಲಿತ್ತು. ಅಲ್ಲಿ ಪುರಾತತ್ತ್ವ ಇಲಾಖೆ ಹುಟ್ಟಿದ್ದೇ 1914ರಲ್ಲಿ. ಮಸ್ಕಿಯ ಅಶೋಕ ಶಾಸನವನ್ನು ಅದು ಮರುವರ್ಷವೇ ಪ್ರಕಟಿಸಿತು, 1935ರಲ್ಲಿ ಕೊಪ್ಪಳದ ಶಾಸನಗಳನ್ನೂ ಹೊರತಂದಿತು. ಆದರೆ ಆ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಸಂಗ್ರಹವು ಪಿ. ಬಿ. ದೇಸಾಯಿ ಅವರ ಸಂಪಾದಕತ್ವದಲ್ಲಿ ಹೊರಬಂದದ್ದು 1958ರಲ್ಲಿ, ಆ ರಾಜ್ಯವೇ ಇಲ್ಲವಾದ ಮೇಲೆ. ಬಿಡಿಬಿಡಿಯಾಗಿ ಕೆಲವು ಮೊದಲೇ ಅಚ್ಚಾಗಿದ್ದುವು, ನಿಜ. ಆದರೂ ಬನವಾಸಿ ಪನ್ನಿರ್ಚ್ಛಾಸಿರದ ಆಡಳಿತಕೇಂದ್ರವಾದ ಬಳ್ಳಿಗಾವೆಯ ಮಠ, ಅಗ್ರಹಾರ, ಸಂತೆಗಳು ವಿದ್ವಾಂಸರಿಗೆ 1902ರಷ್ಟು ಹಿಂದೆಯೇ ಒಟ್ಟಾಗಿ ದೊರೆತುವು. ಸಾಮ್ರಾಜ್ಯದ ನಡುನಾಡು ಅರ್ಧ ಶತಮಾನಕ್ಕೂ ಮಿಕ್ಕಿ ಕಾಯಬೇಕಾಯಿತು. ಚಾಳುಕ್ಯರ ಕಾಲದ ಸಮಾಜವನ್ನು ಕುರಿತು ಬರೆಯುವವರು ಬಳ್ಳಿಗಾವೆಯ ಕಡೆಗೇ ಮತ್ತೆ ಮತ್ತೆ ತಿರುಗುವುದರಲ್ಲಿ ಆ ಊರಿನ ಹಿರಿಮೆ ಎಷ್ಟು, ಮೈಸೂರು ಬೊಕ್ಕಸದ ಔದಾರ್ಯ ಎಷ್ಟು ಎಂಬುದು ವಿಚಾರಾರ್ಹ.

ಮುಂಬಯಿ ಸರಕಾರದ ಗೆಜೆಟಿಯರಿಗಾಗಿ ಜೆ. ಎಫ್. ಫ್ಲೀಟ್ ಬರೆದ ಗ್ರಂಥದ ಹೆಸರೇ ಇನ್ನೊಂದು ಸಾಕ್ಷಿ: ಮುಂಬಯಿ ಆಧಿಪತ್ಯದ ಕನ್ನಡ ಜಿಲ್ಲೆಗಳ ರಾಜವಂಶಗಳು! ನರ್ಮದೆಯವರೆಗೆ ಕೈಚಾಚಿದ ವಂಶಗಳು ಕೆಲವು ಜಿಲ್ಲೆಗಳ ಆಸ್ತಿಯಾದುವು. ಫ್ಲೀಟರ ವಿದ್ವತ್ತು ಆ ಎಲ್ಲೆಯನ್ನು ಪದೇ ಪದೇ ಮೀರಿತೆಂಬುದು ಬೇರೆ ಮಾತು. ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನು ಸರಕಾರ ತೆರೆದದ್ದು 1939ರಲ್ಲಿ.

1956ರಲ್ಲಿ ಎಲ್ಲೆಗಳು ಬದಲಾದುವು, ಪದ್ಧತಿ ಬದಲಾಗಲಿಲ್ಲ. 1972ರಿಂದ ಮೈಸೂರು ವಿಶ್ವವಿದ್ಯಾಲಯವು ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಸಂಪುಟಗಳೂ ತಾಲ್ಲೂಕುಗಳ ಕ್ರಮವನ್ನೇ ಹಿಡಿದುವು. ಸೊಲ್ಲಾಪುರ, ಅಕ್ಕಲಕೋಟೆಗಳ ಸುತ್ತಲ ಕನ್ನಡ ಶಾಸನಗಳು ಆ ಮಾಲೆಯ ಹೊರಗೆಯೇ ಉಳಿದುವು.