ಪಂಚಾಂಗಕ್ಕಿಂತ ಮೊದಲೇ ಬರುವ ಬೇಸಿಗೆ

ಆಯುರ್ವೇದದ ಋತುಚರ್ಯೆಯ ಪ್ರಕಾರ ಗ್ರೀಷ್ಮವೆಂದರೆ ಜ್ಯೇಷ್ಠ, ಆಷಾಢ ಮಾಸಗಳು. ಆ ಹೊತ್ತಿಗೆ ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆಗಳ ರೈತರು ಹೊಲ ಹದಮಾಡಿಕೊಂಡು ಮುಗಿಲು ನೋಡುತ್ತಿರುತ್ತಾರೆ. ಇಲ್ಲಿ ಬಂಡೆ ಕಾಯುವುದು ಶಿವರಾತ್ರಿ ಕಳೆದ ಮೇಲೆ. ಏಪ್ರಿಲ್‌ನಲ್ಲಿ ಧಗೆ ತಾರಕಕ್ಕೇರುತ್ತದೆ. ಶಾಸ್ತ್ರದ ಲೆಕ್ಕಕ್ಕೆ ಅದಿನ್ನೂ ವಸಂತ! ಉತ್ತರದ ಹವೆಗೆ ಹೊಂದಿಸಿ ಬರೆದ ಗ್ರಂಥಗಳನ್ನು ತುಮಕೂರು ಜಿಲ್ಲೆಯ ಈ ಒಣ ಸೀಮೆ ತನ್ನ ಮೈಗೆ ತಕ್ಕಂತೆ ತಿದ್ದಿಕೊಂಡಿದೆ.

ಬಿಸಿಲು ಮೊದಲು ತಾಗುವ ಚರ್ಮದ ವಿಷಯದಲ್ಲಿ ಹಳಬರ ಕಣ್ಣು ಸೂಕ್ಷ್ಮ. ಚರಕಸಂಹಿತೆ ಚರ್ಮಕ್ಕೆ ಆರು ಪದರ ಹೇಳಿದರೆ ಸುಶ್ರುತಸಂಹಿತೆ ಏಳು ಎಣಿಸುತ್ತದೆ. ಚರ್ಮದಲ್ಲಿದ್ದು ಕಾಂತಿ ಕೊಡುವ ಪಿತ್ತವನ್ನು ವಾಗ್ಭಟ ಭ್ರಾಜಕ ಎಂದು ಕರೆದ. ಬಿಸಿಲಿಗೆ ಬೆವೆತ ಮೈಯಲ್ಲಿ ಸಾಸಿವೆಯಂತೆ ಏಳುವ ಗುಳ್ಳೆಗಳೂ, ಅಂದರೆ ನಮ್ಮ ಬೆವರುಸಾಲೆಯೂ, ಅವನ ಅಷ್ಟಾಂಗಹೃದಯದಲ್ಲಿ ಉಂಟು. ಈ ಗ್ರಂಥಗಳ ಪ್ರಕಾರ ಬೇಸಿಗೆಗೆ ಸಿಹಿಯಾದ, ತಂಪಾದ, ಜಿಡ್ಡಿನಂಶವುಳ್ಳ, ನೀರಾದ ಆಹಾರ; ಉಪ್ಪು, ಹುಳಿ, ಖಾರಗಳಿಗೆ ಕಡಿವಾಣ; ಮೈಗೆ ಚಂದನ; ಬಿಸಿಲು ಮತ್ತು ದಣಿವಿನಿಂದ ದೂರ. ಉಳಿದ ಕಾಲದಲ್ಲಿ ಸಲ್ಲದ ಹಗಲು ನಿದ್ದೆಗೂ ಆಗ ಒಪ್ಪಿಗೆ.

ಕನ್ನಡಕ್ಕೆ ಈ ತಿಳಿವಳಿಕೆ ಬೇಗನೆ ಬಂತು. ಸುಮಾರು 1025ರಲ್ಲಿ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ವೈದ್ಯ, ಸುಗಂಧ, ಅಡುಗೆಗಳ ಜೊತೆಗೆ ಅಂತರ್ಜಲ ಹುಡುಕುವ ವಿದ್ಯೆಯೂ ಇದೆ. 12ನೇ ಶತಮಾನದಲ್ಲಿ ಜಗದ್ದಳ ಸೋಮನಾಥ 'ಕಲ್ಯಾಣಕಾರಕ' ಎಂಬ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದ. ಅದೇ ಶತಮಾನದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಸಂಸ್ಕೃತ 'ಮಾನಸೋಲ್ಲಾಸ' ಅಭ್ಯಂಗ, ಸ್ನಾನ, ಲೇಪನಗಳನ್ನು ರಾಜಭೋಗವಾಗಿ ವರ್ಣಿಸುತ್ತದೆ. ಬಿಂದಿಗೆ ಲೆಕ್ಕದಲ್ಲಿ ನೀರು ಬಳಸುವ ಪಾವಗಡಕ್ಕೆ ಆ ಭೋಗ ಎಟುಕುವಂಥದ್ದಲ್ಲ.

ಇಲ್ಲಿ ಎಟುಕಿದ್ದು ಯುಗಾದಿಯ ಎಣ್ಣೆಸ್ನಾನ. ಧಗೆ ಏರುವ ಹೊತ್ತಿಗೇ ಸರಿಯಾಗಿ ಮೈಗೆ ಹರಳೆಣ್ಣೆ, ಉಜ್ಜಲು ಸೀಗೆಪುಡಿ, ಇಲ್ಲವೇ ಕಡಲೆಹಿಟ್ಟು, ಹಂಡೆಯ ನೀರಿಗೆ ಬೇವಿನ ಸೊಪ್ಪು. ಆಮೇಲೆ ರಾಮನವಮಿಯ ಪಾನಕ, ನೀರುಮಜ್ಜಿಗೆ. ಸುಶ್ರುತಸಂಹಿತೆ ಬಿಸಿಲುಗಾಲದಲ್ಲಿ ಮಜ್ಜಿಗೆ ಕೊಡಬಾರದು ಎನ್ನುತ್ತದೆ! ಆದರೆ ಬಯಲುಸೀಮೆಯವರು ಅದಕ್ಕೆ ಧಾರಾಳವಾಗಿ ನೀರು ಬೆರೆಸಿ, ಹುಳಿಯ ತೀಕ್ಷ್ಣತೆ ಮುರಿದು ಕುಡಿಯುತ್ತ ಬಂದಿದ್ದಾರೆ. ನನ್ನ ಮತ ಬಯಲುಸೀಮೆಯ ಕಡೆಗೆ. ಬೆವರಿನಲ್ಲಿ ಹೋದ ನೀರು, ಉಪ್ಪು ಎರಡನ್ನೂ ಆ ಲೋಟ ಮರಳಿಸುತ್ತದೆ. ಹುಳಿ ಪಿತ್ತ ಕೆರಳಿಸುತ್ತದೆ ಎನ್ನುವ ಚರಕಸಂಹಿತೆ ದಾಳಿಂಬೆ, ನೆಲ್ಲಿಗಳಿಗೆ ವಿನಾಯಿತಿ ಕೊಟ್ಟಿದೆ. ದಾಳಿಂಬೆಯಲ್ಲಿ ಮಧುಗಿರಿಯ ಹೆಸರಿನದೇ ಒಂದು ತಳಿ ಇದೆ ಎಂಬುದು ಇಲ್ಲಿಯವರು ಹೆಮ್ಮೆಪಡಬಹುದಾದ ಸಂಗತಿ.

ಕೊರಟಗೆರೆಯ ಸಿದ್ಧರಬೆಟ್ಟ ಗಿಡಮೂಲಿಕೆಗಳಿಗೆ ಹೆಸರಾದದ್ದು. ಸೊಗದೇಬೇರು, ಲೋಳೆಸರ, ಹೊಂಗೆ, ಬೇವು ಈ ಸೀಮೆಯ ನಾಟಿ ವೈದ್ಯರ ಕೈಗೆ ಸುಲಭವಾಗಿ ಸಿಗುತ್ತಿದ್ದವು. ಸ್ಥಳೀಯ ಆರೋಗ್ಯ ಪರಂಪರೆಗಳ ಪುನರುಜ್ಜೀವನಕ್ಕೆಂದು 1993ರಲ್ಲಿ ಆರಂಭವಾದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಅರಣ್ಯ ಇಲಾಖೆಯೊಂದಿಗೆ ರಾಜ್ಯದಲ್ಲಿ ಔಷಧಿ ಸಸ್ಯ ಸಂರಕ್ಷಣಾ ತಾಣಗಳನ್ನು ಗುರುತಿಸಿದಾಗ ಪಕ್ಕದ ದೇವರಾಯನದುರ್ಗವೂ ಪಟ್ಟಿಗೆ ಸೇರಿತು. ಬೇರು ಕೀಳುವವರು ಹೆಚ್ಚಿ, ನೆಡುವವರು ಕಡಿಮೆಯಾದ ಕಾಲಕ್ಕೆ ಅದು ಅಗತ್ಯವಾಗಿತ್ತು.

ಅದಕ್ಕೂ ಬಹಳ ಮೊದಲೇ ಈ ವಿದ್ಯೆ ಕಾಲೇಜಿಗೂ ಕಾರ್ಖಾನೆಗೂ ಹೋಗಿತ್ತು. ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು 1908ರದ್ದು. 1916ರಲ್ಲಿ ಅಲ್ಲಿಯೇ ಗಂಧದೆಣ್ಣೆ ಕಾರ್ಖಾನೆ ಬಂತು, 1918ರ ಹೊತ್ತಿಗೆ ಬೆಂಗಳೂರಿನಲ್ಲಿ ಗಂಧದ ಸೋಪು ತಯಾರಾಯಿತು. ಅರಮನೆಯ ಚಂದನ ಹೀಗೆ ಬಚ್ಚಲಿಗೆ ಇಳಿಯಿತು. ಕೊಳವೆಬಾವಿಯ ಗಡಸು ನೀರಿಗೆ ಮಾತ್ರ ಸೋಪು ಒಗ್ಗದು: ನೊರೆ ಬಾರದೆ ಮಡ್ಡಿಗಟ್ಟಿ ಮೈಗೆ ಅಂಟುತ್ತದೆ, ಒಣ ಚರ್ಮ ಇನ್ನಷ್ಟು ತುರಿಸುತ್ತದೆ. ಕಡಲೆಹಿಟ್ಟು, ಹೆಸರುಹಿಟ್ಟುಗಳಿಗೆ ಆ ತೊಂದರೆಯಿಲ್ಲ. ಹಾಗೆಂದು ಮನೆಮದ್ದೆಲ್ಲ ನಿರಪಾಯವಲ್ಲ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಬೊಬ್ಬೆ ಬರಬಹುದು. ಬೆವರುಸಾಲೆಯ ಮೇಲೆ ದಪ್ಪಗೆ ಎಣ್ಣೆ ಬಳಿದರೆ ಬೆವರಿನ ರಂಧ್ರ ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ತಣ್ಣೀರು, ಗಾಳಿ, ಹತ್ತಿಬಟ್ಟೆಯೇ ಅದಕ್ಕೆ ಮೊದಲ ಉಪಚಾರ.

ಇಂದು ಅಂಗಡಿಯಲ್ಲಿ 'ಆಯುರ್ವೇದ' ಎಂದರೆ ಡಬ್ಬಿ, ಟ್ಯೂಬು. ಹಚ್ಚುವ ಮಾತೇ ಬೆಳೆದು, ಬಿಸಿಲು ತಪ್ಪಿಸುವ ಮಾತು ಹಿಂದೆ ಸರಿದಿದೆ. ಪಾವಗಡದ ತಿರುಮಣಿ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಬಂದಿರುವುದು ಈ ನೆಲದ ಬಿಸಿಲನ್ನು ನಂಬಿಕೊಂಡೇ. ಅದೇ ಬಿಸಿಲಲ್ಲಿ ಕೂಲಿ ಮಾಡುವವರಿಗೆ ಯಾವ ಲೇಪ ಕೊಟ್ಟರೂ ಅರ್ಧ ಚಿಕಿತ್ಸೆಯೇ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ವೇಳೆ ನಿಗದಿ ಮಾಡುವ ಸರ್ಕಾರ, ಈ ನಾಲ್ಕು ತಾಲ್ಲೂಕುಗಳ ಹೊಲ, ರಸ್ತೆ, ಉದ್ಯೋಗ ಖಾತರಿ ಕೆಲಸಗಳಿಗೂ ನಡುಹಗಲಿನ ಬಿಡುವನ್ನೂ ನೆರಳನ್ನೂ ಕಡ್ಡಾಯ ಮಾಡಲಿ.